ಮುರಿದ ಸೈಕಲ್ಲು, ಜಾರದ ಕೊಡ

ಬಾವಿಯಿಂದ ನೀರು ಸೇದಿದವರಿಗೆಲ್ಲ ಗೊತ್ತು, ಕೊಡ ಅರ್ಧ ದಾರಿಗೆ ಬಂದ ಮೇಲೆ ಕೈ ಎಷ್ಟೇ ಸೋತರೂ ಹಗ್ಗ ಬಿಡುವಂತಿಲ್ಲ. ಬಿಟ್ಟರೆ ಕೊಡ ಸರ್ರನೆ ತಳಕ್ಕೆ. ಬೆವರಿದ ಕೈಯಿಂದ ಹಗ್ಗ ತಾನಾಗಿಯೇ ಜಾರಿದರೂ ಅಷ್ಟೇ.

ಲಾಂಡ್ರಿಯಕ್ಕನಿಗೆ ಆದದ್ದು ಇದೇ. ಹತ್ತಿರದ ವಸತಿಗೃಹದ ಹಾಸು, ದಿಂಬಿನ ಚೀಲ, ಟವೆಲ್ಲುಗಳನ್ನು ಅವಳು ಹದಿನಾಲ್ಕು ವರ್ಷಗಳಿಂದ ತನ್ನ ಹಿತ್ತಲಿನಲ್ಲಿ ಒಗೆಯುತ್ತಿದ್ದಳು. ಅದಕ್ಕೆ ದಿನಕ್ಕೆ ನಲವತ್ತು ಕೊಡ ನೀರು ಬೇಕು. ಒಂದು ಬೆಳಿಗ್ಗೆ ತುಂಬಿದ ಕೊಡ ಜಾರಿತು. ಅವಳು ಹಗ್ಗವನ್ನು ಬಿಗಿಯಾಗಿ ಹಿಡಿದಳು. ಕೊಡವೇನೋ ನಿಂತಿತು, ಬಲ ಭುಜದ ಸ್ನಾಯು ಹರಿಯಿತು.

ಆರು ವಾರ ಕೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿತ್ತು. ಅಷ್ಟೂ ದಿನ ಗಂಡನೇ ನೀರು ಸೇದಿ, ಒಗೆದು, ಇಸ್ತ್ರಿ ಮಾಡಿ, ಬಟ್ಟೆ ತಲುಪಿಸಿದ. ಅವನ ಬೆನ್ನೂ ಬಗ್ಗಿತು. ಗಾಯದ ಮೇಲೆ ಬರೆ ಎಂಬಂತೆ, ಬೀದಿಯಲ್ಲಿ ನಿಲ್ಲಿಸಿದ್ದ ಅವನ ಸೈಕಲ್ಲಿಗೆ ಹಿಮ್ಮುಖವಾಗಿ ಬರುತ್ತಿದ್ದ ಲಾರಿಯೊಂದು ಗುದ್ದಿ ಮುಂಭಾಗ ನಜ್ಜುಗುಜ್ಜಾಯಿತು.

"ಸೋಮವಾರ ಮ್ಯಾನೇಜರ್ ಬರ್ತಾರೆ. ಬಟ್ಟೇನ ಮಿಷನ್ ಲಾಂಡ್ರಿಗೆ ಕೊಟ್ಕೊಳ್ಳಿ ಅಂತ ಹೇಳ್ಬಿಡ್ತೀನಿ," ಎಂದ ಗಂಡ.

"ನನ್ನ ಕೇಳಿದ್ರಾ?"

"ನಿನ್ನ ಭುಜಾನ ಕೇಳ್ದೆ. ಬೇಡ ಅಂತು."

"ಭುಜ ನಂದು, ಅದರ ಪರವಾಗಿ ನಾನೇ ಮಾತಾಡ್ತೀನಿ. ಕಲೆ ಹೋಗಿಲ್ಲ ಅಂತ ಇವತ್ತಿನವರೆಗೆ ಒಂದು ಹಾಸೂ ವಾಪಸ್ ಬಂದಿಲ್ಲ. ಈ ಕೆಲಸ ನಾನು ಬಿಡಲ್ಲ ಕಣ್ರೀ."

"ಹಾಗಾದ್ರೆ ನೀರು ತಾನಾಗಿ ಮೆಟ್ಟಿಲು ಹತ್ತಿ ಬರುತ್ತಾ?"

ಮೋಟಾರನ್ನು ಎರಡು ಸಲ ಹಾಕಿಸಿ ಆಗಿತ್ತು. ಬಾವಿಯ ಒರತೆ ಸಣ್ಣದು. ಹತ್ತು ನಿಮಿಷದಲ್ಲಿ ನೀರು ಮುಗಿದು, ಮೋಟಾರು ಬರೀ ಗಾಳಿ ಎಳೆದು, ಎರಡು ಸಲವೂ ಸುಟ್ಟಿತ್ತು.

ಆ ಹೊತ್ತಿಗೆ ಪಂಕ್ಚರಕ್ಕ ಬಂದಳು. ಬೀದಿಯ ಕೊನೆಯಲ್ಲಿ ಮೂವತ್ತು ವರ್ಷದಿಂದ ಸೈಕಲ್ ಅಂಗಡಿ ಇಟ್ಟವಳು. ಸೈಕಲ್ಲನ್ನು ರಿಪೇರಿ ಮಾಡಬಹುದೇ ನೋಡು ಎಂದು ಗಂಡನೇ ಹೇಳಿಕಳಿಸಿದ್ದ. ಅವಳು ಕೂತು ನೋಡಿದಳು, ಎದ್ದು ನೋಡಿದಳು.

"ಮುಂದುಗಡೆ ಕೊಳವೆ ಬಿರುಕು ಬಿಟ್ಟಿದೆ. ಇದರ ಮೇಲೆ ಇನ್ನು ಯಾರೂ ಕೂರಬಾರದು."

"ಸರಿ, ಗುಜರಿಗೆ ಹಾಕ್ತೀನಿ."

"ಕೂರಬಾರದು ಅಂದೆ ಅಣ್ಣ. ಕೆಲಸಕ್ಕೆ ಬರಲ್ಲ ಅಂದೆನಾ?"

ಅವಳು ಚೈನು ಬಿಚ್ಚಿ, ಸೈಕಲ್ಲಿನ ಹಿಂಭಾಗ ಎತ್ತಿ ಹಿಡಿದಳು. ಲಾಂಡ್ರಿಯಕ್ಕನನ್ನು ಕರೆದು, ಚಕ್ರದ ನಡುವೆ ಚೈನು ಕೂರುವ ಹಲ್ಲಿನ ಬಿಲ್ಲೆಯನ್ನು ತೋರಿಸಿದಳು. "ಇದರ ಹೆಸರು ಫ್ರೀವೀಲ್. ಎಡಗೈಲಿ ಅಲ್ಲಾಡದ ಹಾಗೆ ಹಿಡ್ಕೋ. ಈಗ ಚಕ್ರಾನ ಮುಂದಕ್ಕೆ ತಿರುಗಿಸು."

ಚಕ್ರ ಕಟಕಟ ಎನ್ನುತ್ತ ಹಗುರವಾಗಿ ತಿರುಗಿತು.

"ಈಗ ಹಿಂದಕ್ಕೆ."

ಚಕ್ರ ಕಚ್ಚಿಕೊಂಡು ನಿಂತಿತು. ಲಾಂಡ್ರಿಯಕ್ಕ ಇನ್ನೊಮ್ಮೆ ಮುಂದಕ್ಕೆ, ಇನ್ನೊಮ್ಮೆ ಹಿಂದಕ್ಕೆ ತಿರುಗಿಸಿದಳು. ಆಮೇಲೆ ಬಾವಿಯ ಕಡೆ ನೋಡಿದಳು.

"ಅಕ್ಕ, ಬಾವಿಗೆ ಇದೇ ರಾಟೆ ಆಗಿದ್ದಿದ್ರೆ ಕೊಡ ಹಿಂದಕ್ಕೆ ಜಾರ್ತಾನೇ ಇರ್ಲಿಲ್ಲ."

"ನಾನು ಹೇಳೋದಕ್ಕಿಂತ ಮುಂಚೆ ನೀನೇ ಹೇಳಿದೆ."

ಜಗಲಿಯಲ್ಲಿ ಟವೆಲ್ಲು ಮಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. "ಬಾವಿಗೆ ಸೈಕಲ್ ಗಾಲಿನಾ? ಹಾಗೇ ಎಮ್ಮೆ ಕೊರಳಿಗೆ ಸೈಕಲ್ ಬೆಲ್ಲೂ ಕಟ್ಟಿ, ಚೆನ್ನಾಗಿರುತ್ತೆ."

"ಕಡ್ಡಿ ನೋಡು, ಕಾಗೆ ಕಾಲಿನ ಹಾಗಿದೆ. ತುಂಬಿದ ಕೊಡ ತಡೆಯುತ್ತಾ?" ಎಂದು ಗಂಡ ದನಿಗೂಡಿಸಿದ.

"ನೀವು, ಹಿಂದೆ ಎರಡು ಗಂಟು ಬಟ್ಟೆ, ಒಂದೊಂದ್ಸಲ ಅಮ್ಮ. ಇಷ್ಟನ್ನೂ ಹೊತ್ತ ಚಕ್ರ ಅಣ್ಣ ಇದು."

"ನನ್ನ ತೂಕದ ಮಾತು ನಿಂಗ್ಯಾಕೆ?" ಎಂದರು ಅತ್ತೆ.

ಲಾಂಡ್ರಿಯಕ್ಕ ಮೊದಲು ಡಾಕ್ಟರ ಬಳಿ ಹೋಗಿ ನೀರು ಸೇದಬಹುದೇ ಎಂದು ಕೇಳಿದಳು. ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಜೋರಾಗಿ ಜಗ್ಗಬಾರದು, ಅರ್ಧ ಕೊಡ ಮಾತ್ರ, ನೋವಾದರೆ ಅಲ್ಲಿಗೇ ನಿಲ್ಲಿಸಬೇಕು ಎಂದು ಡಾಕ್ಟರು ಹೇಳಿದರು. ಅವಳು ಸೀದಾ ಪಂಕ್ಚರಕ್ಕನ ಅಂಗಡಿಗೆ ನಡೆದಳು. ಸೋಮವಾರಕ್ಕೆ ಇನ್ನು ನಾಲ್ಕು ದಿನವಿತ್ತು.

ಹಿಂದಿನ ಚಕ್ರವನ್ನು ಹಿಡಿದಿರುವ ಕವಲನ್ನು ಗರಗಸದಿಂದ ಕೊಯ್ದು ಬೇರೆ ಮಾಡಿದರು. ಕೊಯ್ದ ಅಂಚನ್ನು ಕೈ ಕುಯ್ಯದಂತೆ ಅರದಿಂದ ಉಜ್ಜಿದರು. ಟಯರು ಕಳಚಿ, ಹಗ್ಗ ಜಾರದಿರಲೆಂದು ರಿಮ್ಮಿನ ತಗ್ಗಿಗೆ ಹಳೆಯ ಟ್ಯೂಬು ಸುತ್ತಿದರು. ಬಾವಿಯ ಮೇಲಿನ ಕಬ್ಬಿಣದ ತೊಲೆಗೆ ಕವಲನ್ನು ನಟ್ಟು ಹಾಕಿ ಬಿಗಿದರು. ಒಂದು ತುಂಡು ಚೈನನ್ನು ಫ್ರೀವೀಲಿನ ಹಲ್ಲಿನ ಮೇಲೆ ಕೂರಿಸಿ, ಒಂದು ತುದಿಯನ್ನು ಕವಲಿಗೆ ಬಂಧಿಸಿದರು. ಇನ್ನೊಂದು ತುದಿಗೆ ಭಾರವಾಗಿ ಪೆಡಲನ್ನು ತೂಗುಬಿಟ್ಟರು. ಇನ್ನು ಹಲ್ಲಿನ ಬಿಲ್ಲೆ ತಿರುಗದು, ಚಕ್ರ ಒಂದೇ ದಿಕ್ಕಿಗೆ ತಿರುಗುತ್ತದೆ. ಖಾಲಿ ಕೊಡ ಇಳಿಸುವಾಗ ಚೈನನ್ನು ಹಲ್ಲಿನಿಂದ ಎತ್ತಲು ಒಂದು ದಾರವನ್ನೂ ಕಟ್ಟಿದರು.

ಕಳಚಿದ ಟಯರನ್ನು ಗಂಡ ನೀರು ಕಾಯಿಸುವ ಒಲೆಯ ಕಡೆ ಒಯ್ಯುತ್ತಿದ್ದ. ಪಂಕ್ಚರಕ್ಕ ಅಡ್ಡ ನಿಂತಳು.

"ಅದನ್ನ ಸುಡಬಾರದು. ಆ ಹೊಗೆ ವಿಷ. ಮಸಿ ಶ್ವಾಸಕ್ಕೂ ಹೋಗುತ್ತೆ, ಒಗೆದ ಹಾಸಿನ ಮೇಲೂ ಕೂರುತ್ತೆ."

"ಮತ್ತೇನು ಮಾಡ್ಲಿ, ತಲೆಗೆ ಸುತ್ಕೊಳ್ಳಲಾ?"

"ಕೊಡಕ್ಕೆ ಸುತ್ತಿ."

ಟಯರನ್ನು ಕತ್ತರಿಸಿ ಸುರುಳಿ ಮಾಡಿ, ಬಾವಿಕಟ್ಟೆಯ ಮೇಲೆ ಕೊಡ ಕೂರಿಸಲು ಸಿಂಬಿ ಮಾಡಿದರು.

ಶುಕ್ರವಾರ ಸಂಜೆ ಮೊದಲ ಪರೀಕ್ಷೆ. ಕೊಡ ಕಟಕಟ ಎಂದು ಸುಖವಾಗಿ ಕೆಳಗಿಳಿಯಿತು. ದಾರ ಎಳೆಯುವ ಅಗತ್ಯವೂ ಬೀಳಲಿಲ್ಲ. ಪಂಕ್ಚರಕ್ಕ ಮೀಸೆಯಿಲ್ಲದ ಜಾಗದಲ್ಲಿ ಮೀಸೆ ತಿರುವಿದಳು. ಗಂಡ ಹಗ್ಗ ಹಿಡಿದು ಎಳೆದ. ಚಕ್ರ ಕದಲಲಿಲ್ಲ. ಕಾಲು ಊರಿ ಎಳೆದ. ಊಹೂಂ.

ಅತ್ತೆ ಬಗ್ಗಿ ನೋಡಿದರು. "ತವರಿಗೆ ಹೋದ ಸೊಸೆ ಹಾಗಾಯ್ತು. ಹೋಗೋಕೆ ಗೊತ್ತು, ಬರೋಕೆ ಗೊತ್ತಿಲ್ಲ."

"ನೋಡಿ ಆಯ್ತಲ್ಲ, ಸಾಕು," ಎಂದ ಗಂಡ. "ನಾಳೆ ಗುಜರಿಯವನನ್ನ ಕರೀತೀನಿ."

ಲಾಂಡ್ರಿಯಕ್ಕ ಗೋಡೆಗೊರಗಿಸಿದ್ದ ಪಂಕ್ಚರಕ್ಕನ ಸೈಕಲ್ಲಿನ ಹಿಂದೆ ಹೋಗಿ ನಿಂತು, ಅದನ್ನು ನಾಲ್ಕು ಹೆಜ್ಜೆ ತಳ್ಳಿದಳು. ಬಾವಿಯ ಬಳಿ ಬಂದು ಮೇಲೆ ನೋಡಿದಳು. ಮತ್ತೆ ಹೋಗಿ ತಳ್ಳಿದಳು.

"ಅಕ್ಕ, ಸೈಕಲ್ ಓಡುವಾಗ ಚಕ್ರದ ನೆತ್ತಿ ನಮ್ಮಿಂದ ಆಚೆ ಹೋಗುತ್ತೆ. ನೀರು ಸೇದುವಾಗ ನೆತ್ತಿ ನಮ್ಮ ಕಡೆ ಬರ್ಬೇಕು. ನಾವು ಉಲ್ಟಾ ಹಾಕಿದ್ದೀವಿ."

ಪಂಕ್ಚರಕ್ಕ ಹಣೆ ಚಚ್ಚಿಕೊಂಡಳು. "ಚೈನು ಬಲಗಡೆ ಇರ್ಬೇಕು ಅಂತ ಕೈಯೇ ತೀರ್ಮಾನ ಮಾಡ್ತು ನೋಡು, ತಲೇನ ಕೇಳಲೇ ಇಲ್ಲ. ಇಲ್ಲಿ ಚೈನು ಎಡಗಡೆ ಬರ್ಬೇಕು."

ಶನಿವಾರ ಎಲ್ಲವನ್ನೂ ಬಿಚ್ಚಿ, ಕವಲನ್ನು ತಿರುಗಿಸಿ, ಮತ್ತೆ ಬಿಗಿದರು. ಈ ಸಲ ಕೊಡ ಕಟ್ಟುವ ಮೊದಲು ಬಾವಿಯ ಬಾಯಿಗೆ ಹಲಗೆ ಮುಚ್ಚಿದರು. ತುಂಬಿದ ಕೊಡದ ಎರಡರಷ್ಟು ಭಾರದ ಕಲ್ಲಿನ ಮೂಟೆಯನ್ನು ಒಂದಿಡೀ ದಿನ ತೂಗುಬಿಟ್ಟರು. ಈ ಹಠ ಲಾಂಡ್ರಿಯಕ್ಕನದು. "ಇನ್ನೊಂದು ಸಲ ಭುಜ ಹರಿಸ್ಕೊಳ್ಳೋಕೆ ನಾನು ತಯಾರಿಲ್ಲ," ಎಂದಳು. ಮೂಟೆ ಜಗ್ಗಲಿಲ್ಲ, ನಟ್ಟು ಸಡಿಲವಾಗಲಿಲ್ಲ.

ಭಾನುವಾರ ಅವಳೇ ಹಗ್ಗ ಹಿಡಿದಳು. ಎದೆಯ ಮಟ್ಟದಿಂದ ಸೊಂಟದವರೆಗೆ ಎಳೆದಳು. ಕಟಕಟ. ನಿಲ್ಲಿಸಿದಳು. ಮತ್ತೆ ಎಳೆದಳು. ಅರ್ಧ ದಾರಿಯಲ್ಲಿ, ಚಕ್ರದ ಮೇಲಿಂದ ಜಾರದಿರಲೆಂದು ಹಗ್ಗವನ್ನು, ಕಟ್ಟೆಗೆ ಬಿಗಿದಿದ್ದ ಸೈಕಲ್ ಹ್ಯಾಂಡಲಿಗೆ ಒಂದು ಸುತ್ತು ಹಾಕಿ ಎರಡೂ ಕೈ ಬಿಟ್ಟಳು.

ಕೊಡ ಬಾವಿಯ ನಡುವೆ ಅಲ್ಲಾಡದೆ ನಿಂತಿತು.

"ಕೆಳಗಿಂದ ಯಾರೂ ಹಿಡ್ಕೊಂಡಿಲ್ಲ ತಾನೇ?" ಎಂದು ಅತ್ತೆ ಇಣುಕಿದರು.

ಗಂಡ ತಾನೂ ಎಳೆದು ನೋಡಿದ. "ಭಾರ ಕಮ್ಮಿ ಆದ ಹಾಗಿದೆಯಲ್ಲ?"

"ನೀರಿನ ಭಾರ ಎಲ್ಲಿಗೂ ಹೋಗಿಲ್ಲ ಅಣ್ಣ," ಎಂದಳು ಪಂಕ್ಚರಕ್ಕ. "ತುಕ್ಕು ಹಿಡಿದ ಹಳೇ ರಾಟೆ ನಿಮ್ಮ ಶಕ್ತೀನ ತಿಂತಾ ಇತ್ತು. ಇದರಲ್ಲಿ ಬಾಲ್ ಬೇರಿಂಗ್ ಇದೆ, ತಿನ್ನಲ್ಲ. ಮಧ್ಯೆ ಉಸಿರು ತಗೊಳ್ಳೋಕೂ ಬಿಡುತ್ತೆ."

ಅವನು ಉಳಿದ ಸೈಕಲ್ಲನ್ನು ತಾನೇ ಬಿಚ್ಚಲು ಕೂತ. ಟ್ಯೂಬಿನ ಉದ್ದನೆಯ ಪಟ್ಟಿಗಳು ಬಟ್ಟೆಗಂಟು ಬಿಗಿಯಲು ಬಂದವು. ಕ್ಯಾರಿಯರ್ ಗೋಡೆ ಸೇರಿ ಸೋಪಿನ ಹಲಗೆಯಾಯಿತು. ಲಾರಿ ಗುದ್ದಿ ಸೊಟ್ಟಗಾದ ಮುಂದಿನ ಚಕ್ರವನ್ನು ಅಡ್ಡಲಾಗಿ ತೂಗುಹಾಕಿ, ಸುತ್ತ ಕ್ಲಿಪ್ಪು ಸಿಕ್ಕಿಸಿ, ಸಣ್ಣ ಬಟ್ಟೆ ಒಣಗಿಸಲು ಇಟ್ಟರು. ಬಿಸಿಲು ಸರಿದಂತೆ ತಿರುಗಿಸಿದರಾಯಿತು. ಬಿರುಕು ಬಿಟ್ಟ ಕೊಳವೆ ಮಾತ್ರ ಯಾವುದಕ್ಕೂ ಒದಗಲಿಲ್ಲ. ಅದು ಗುಜರಿಗೆ ಹೋಯಿತು. ಕರಗಿಸಿದರೆ ಅದೂ ಮತ್ತೆ ಕಬ್ಬಿಣವೇ.

ಸೋಮವಾರ ಮ್ಯಾನೇಜರು ಬಂದಾಗ ಗಂಡ ಬಾಯಿ ತೆರೆಯುವ ಮೊದಲೇ ಲಾಂಡ್ರಿಯಕ್ಕ ಹೇಳಿದಳು: "ಈ ತಿಂಗಳು ಹಾಸು, ದಿಂಬಿನ ಚೀಲ ಮಾತ್ರ ಕಳ್ಸಿ ಸಾರ್. ಕೈ ಪೂರ್ತಿ ವಾಸಿಯಾಗೋವರೆಗೆ ನಾನು ಅರ್ಧರ್ಧ ಕೊಡ ಸೇದ್ತೀನಿ, ಮಿಕ್ಕಿದ್ದು ಇವರು. ಟವೆಲ್ಲು ಮುಂದಿನ ತಿಂಗಳಿಂದ."

"ಆಗುತ್ತೇನಮ್ಮ ನಿಮ್ಮ ಕೈಲಿ?"

"ಬನ್ನಿ ಸಾರ್, ನೋಡಿ," ಎಂದು ಅವರನ್ನು ಬಾವಿಯ ಬಳಿಗೆ ಕರೆದೊಯ್ದವನು ಗಂಡ. ಮ್ಯಾನೇಜರು ನೋಡಿದರು, ತಾವೂ ಒಂದು ಕೊಡ ಸೇದಿದರು. ಆಮೇಲೆ ಗಾಡಿಯಿಂದ ಹಾಸಿನ ಗಂಟುಗಳನ್ನು ಇಳಿಸಲು ಹೇಳಿದರು.

ಓದುಗರೇ, ನಿಮ್ಮ ಮನೆಯ ಮೂಲೆಯಲ್ಲೂ ಓಡದ ಸೈಕಲ್ಲೊಂದು ಇರಬಹುದು. ಅದರಲ್ಲಿ ಒಂದು ಭಾಗ ಮುರಿದಿದ್ದರೆ ಹತ್ತು ಭಾಗ ಗಟ್ಟಿಯಾಗಿರುತ್ತವೆ. ಗುಜರಿಗೆ ಹಾಕುವ ಮೊದಲು ಸೈಕಲ್ ಅಂಗಡಿಯವರನ್ನು ಕರೆದು ತೋರಿಸಿ. ನಿಮ್ಮ ಕೆಲಸದಲ್ಲಿ ಕೈ ಸೋಲುವುದು ಎಲ್ಲಿ ಎಂದೂ ಅವರಿಗೆ ಹೇಳಿ. ಭಾರ ಹೊರುವಂಥ ಏನನ್ನೇ ಮಾಡಿದರೂ ಎರಡರಷ್ಟು ಭಾರ ಕಟ್ಟಿ ಪರೀಕ್ಷಿಸಿ, ವಾರಕ್ಕೊಮ್ಮೆ ನಟ್ಟು ಬಿಗಿಯಿರಿ. ಬಾವಿಯ ಕೆಲಸವನ್ನು ಒಬ್ಬರೇ ಮಾಡಬೇಡಿ. ಟಯರು ಟ್ಯೂಬುಗಳನ್ನು ಎಂದೂ ಸುಡಬೇಡಿ, ಚರಂಡಿಗೆ ಎಸೆಯಬೇಡಿ.

ಈ ವಾರವೇ ಆ ಸೈಕಲ್ಲನ್ನು ಬೆಳಕಿಗೆ ತನ್ನಿ. ಹಿಂದಿನ ಚಕ್ರ ಎತ್ತಿ ಒಮ್ಮೆ ತಿರುಗಿಸಿ. ಅದು ಇನ್ನೂ ತಿರುಗುತ್ತಿದ್ದರೆ, ಅದಕ್ಕೊಂದು ಕೆಲಸ ಹುಡುಕಿ.