ಚಿತ್ರದಲ್ಲಿ ಕೂತ ಮುತ್ತಜ್ಜ

ಪೆನಾಂಗ್ ಬಂದರಿನ ನೀರಲ್ಲಿ ಕಂಬ ನೆಟ್ಟು ಮೊದಲು ಮನೆ ಕಟ್ಟಿದ ಚೀನೀಯರು ಗಾನ್ ಮನೆತನದವರೋ ಓಂಗ್ ಮನೆತನದವರೋ ಎಂಬ ಹಳೇ ಜಗಳಕ್ಕೆ ಕೊನೆಗೂ ಒಂದು ಸಾಕ್ಷಿ ಸಿಕ್ಕಿತು. ಊರಿನ ಸಂಗ್ರಹಾಲಯದ ಗೋಡೆಯಲ್ಲಿದ್ದ, ಬ್ರಿಟಿಷರ ಕಾಲದ ಮಾಸಲು ತೈಲಚಿತ್ರ. ಅದರಲ್ಲಿ ಒಂದೇ ಮನೆ. ಮುಂದಿನ ಹಲಗೆಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತ ಒಬ್ಬನೇ ಮನುಷ್ಯ.

"ಆ ಜಡೆ ನೋಡು, ನಮ್ಮ ಮುತ್ತಜ್ಜನೇ. ಮೀನು ಹಿಡೀತಾ ಕೂತಿದಾನೆ," ಎಂದ ಗಾನ್ ಸಿಯು ಹಾಕ್.

"ನಿಮ್ಮೋರಿಗೆ ಗಾಳ ಹಾಕೋಕೆ ಯಾವಾಗ ಬರ್ತಿತ್ತು? ಅವನು ನಮ್ಮೋನು ಕಣಣ್ಣ," ಎಂದ ಓಂಗ್ ಟಿಕ್ ಬೆಂಗ್.

ಹಿರಿಯರು ಕಣ್ಣಿಗೆ ಬಿದ್ದ ಮೇಲೆ ಊದುಬತ್ತಿ ಹಚ್ಚದೆ ಇರಲಾದೀತೇ? ಇಬ್ಬರೂ ಪೈಪೋಟಿಗೆ ಬಿದ್ದು ದಿನವೂ ಹಚ್ಚಿದ ಹೊಗೆಗೆ ಚಿತ್ರ ಬಾಣಲೆಯ ತಳದಂತಾಯಿತು. ಸಂಗ್ರಹಾಲಯದವರು ಬೈದುಕೊಳ್ಳುತ್ತಲೇ ಅದನ್ನು ಶುಚಿ ಮಾಡಿಸಿದರು. ಹೊಸ ಹೊಗೆಯ ಜೊತೆ ಹಳೇ ಕೊಳೆಯೂ ಹೋಯಿತು.

ಸಿಯು ಹಾಕ್ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಮುತ್ತಜ್ಜನ ಕೈಯಲ್ಲಿ ಗಾಳವಿರಲಿಲ್ಲ, ಸೊಂಟದ ಕೆಳಗೆ ಬಟ್ಟೆಯೂ ಇರಲಿಲ್ಲ. ಅವನು ಬೆಳಗಿನ ದೇಹಬಾಧೆ ತೀರಿಸಿಕೊಳ್ಳುತ್ತಿದ್ದ.

ಸಿಯು ಹಾಕ್ ಊದುಬತ್ತಿಯ ಕಟ್ಟನ್ನು ಟಿಕ್ ಬೆಂಗನ ಕೈಗಿಟ್ಟ. "ನೀನೇ ಹಚ್ಚಪ್ಪ. ನಿಮ್ಮೋನೇ ಇರಬೇಕು."

"ಛೆ, ಎಲ್ಲಾದ್ರೂ ಉಂಟಾ," ಎಂದ ಟಿಕ್ ಬೆಂಗ್, ಕಟ್ಟನ್ನು ಎರಡೂ ಕೈಯಲ್ಲಿ ವಿನಯದಿಂದ ಹಿಂದಕ್ಕೆ ಕೊಡುತ್ತ. "ಇಲ್ಲಿಗೆ ಮೊದಲು ಬಂದೋರು ನೀವೇ ಅಲ್ವಾ ಅಣ್ಣ."