ರಿಪೇರಿ ಆಗಬಾರದ ಟಾರ್ಚ್

ಟಾರ್ಚಿನ್ಯಾಗಿಂದ ಬೆಳಕಿನ ಬದ್ಲು ಹೊಗಿ ಬರಿಸ್ತೀನಿ ಅಂತ ಗವಿಸಿದ್ದೇಶ ಹೊಂಟಾಗ ಇಡೀ ಕೊಟ್ಟೂರಾಗ ಅವನ್ನ ತಡಿಯೋರು ಒಬ್ರೂ ಇರ್ಲಿಲ್ಲ. ಗೆಳೆಯ ಸಂಜೀವ ಒಬ್ಬ ಇದ್ದ, ಆದ್ರ ಇಂಟರ್ನೆಟ್ ಸೆಂಟರ್ ನೋಡ್ಕಣಾನೂ ಅವನೇ, ಈ ಹುಚ್ಚಿಗೆ ಕಂಪ್ಯೂಟರ್ ಬಿಟ್ಟುಕೊಟ್ಟಾನೂ ಅವನೇ.

ಅದು ಎರಡು ಸಾವಿರದ ಒಂಬತ್ತು. ಫಾರಿನ್ನಿನ ಮಂದಿ ಟಾರ್ಚಿನ ಕೊಳವಿಯೊಳಗ ಬ್ಯಾಟ್ರಿ, ಕಾಯಿಲ್ ಕೂಡಿಸಿ, ಬೆಂಕಿ ಇಲ್ದಂಗ ಹಬೆ ಸೇದೋ ಸಿಗರೇಟು ಮಾಡಿದ್ದನ್ನ ಗವಿ ಆ ಸೆಂಟರಿನ್ಯಾಗೇ ಓದಿದ್ದ. ನಾನೂ ಒಂದು ಮಾಡಿ ಫೋಟೋ ಹಾಕ್ತೀನಿ ಅಂತ ಅವರಿಗೆ ಬರೆದೂ ಬಿಟ್ಟಿದ್ದ. ಓದಿದ್ರಾಗ ಅರ್ಧ ತಿಳೀತು. ಉಳಿದರ್ಧ ತಿಳಿದಂಗ ಅನಿಸ್ತು. ಐಟಿಐ ಎಲೆಕ್ಟ್ರಿಕಲ್ ಪಾಸಾದಾನಿಗೆ ಅಷ್ಟು ಸಾಕಿತ್ತು.

ಹುಚ್ಚಿಗೆ ಕಾರಣ ಇತ್ತು. ಅವನಪ್ಪ ಏಕಾಂತಪ್ಪಗ ಬಲಗಣ್ಣಿಗೆ ಪೊರಿ ಬಂದಿತ್ತು. ಹಗರಿಬೊಮ್ಮನಹಳ್ಳಿ ಕಣ್ಣಿನ ಕ್ಯಾಂಪಿಗೆ ಹೋಗಿ, ಮಂಚದ ಮ್ಯಾಲ ಮಲಗಿ, ಸರಿಯಾಗಿ ಡಾಕ್ಟ್ರು ಕೈ ಹಚ್ಚೋ ಹೊತ್ತಿಗೆ ಖೊಕ್ ಖೊಕ್ ಅಂತ ಕೆಮ್ಮಿಬಿಟ್ಟಿದ್ದ.

"ಯಜಮಾನ್ರ, ನಾನು ಕಣ್ಣಾಗ ಬ್ಲೇಡ್ ಇಟ್ಟಾಗ ನೀವು ಹಿಂಗ ಕೆಮ್ಮಿದ್ರ ಕಣ್ಣೇ ಹೋಗ್ತತಿ. ಹದಿನೈದು ದಿನ ಬೀಡಿ ಬಿಟ್ಟು ಬರ್ರಿ" ಅಂತ ಡಾಕ್ಟ್ರು ಎಬ್ಬಿಸಿ ಕಳಿಸಿದ್ರು. ಏಕಾಂತಪ್ಪ "ಆತ್ರಿ ಸಾಹೇಬ್ರ" ಅಂತ ಕೈ ಮುಗಿದು, ಗೇಟು ದಾಟಿದ ಕೂಡ್ಲೇ ಒಂದು ಹಚ್ಚಿದ. ಮುಂದಿನ ಕ್ಯಾಂಪಿಗೆ ಈಗ ಹದಿನೇಳು ದಿನ ಉಳದಿತ್ತು. ಅದೂ ತಪ್ಪಿದ್ರ ಮತ್ತ ಒಂದು ವರ್ಷ, ಅಷ್ಟ್ರಾಗ ಕಣ್ಣು ಪೂರಾ ಮುಚ್ಚಿಕಂತಿತ್ತು.

ಮನ್ಯಾಗ ಬೀಡಿ ಸೇದಾಕ ಗವಿ ಅವ್ವ ದಾಕ್ಷಾಯಣಮ್ಮ ಬಿಡ್ತಿರ್ಲಿಲ್ಲ. ಹಂಗಾಗಿ ಏಕಾಂತಪ್ಪ ಬಸ್‌ಸ್ಟ್ಯಾಂಡ್ ಹತ್ರ ಇದ್ದ ತನ್ನ ರೇಡಿಯೋ ರಿಪೇರಿ ಅಂಗಡ್ಯಾಗ ಕುಂತು ಸೇದ್ತಿದ್ದ. ಮೊಬೈಲ್ ಬಂದ ಮ್ಯಾಲ ರೇಡಿಯೋ ತರೋರು ಕಡಿಮಿ ಆಗಿದ್ರು, ಬೀಡಿ ಜಾಸ್ತಿ ಆಗಿತ್ತು.

ಗವಿ ಎರಡು ದಿನ ಊಟ ಬಿಟ್ಟು ಕುಂತ. ಸಂತ್ಯಾಗಿನ ಅಗ್ಗದ ಟಾರ್ಚ್, ಹಳೇ ಮೊಬೈಲಿನ ಬ್ಯಾಟ್ರಿ, ಅವ್ವನ ಕರೆಂಟ್ ಒಲಿಯೊಳಗಿಂದ ಒಂದು ಗೇಣು ಕಾಯಿಲ್, ಮೆಡಿಕಲ್ಲಿನಿಂದ ಗ್ಲಿಸರಿನ್. ಬಾಯಿಗಿಡಾಕ ಪೆನ್ನಿನ ಕೊಳವಿ. ಗ್ಲಿಸರಿನ್ ಹೀರ್ಕಣಾಕ ಬತ್ತಿ ಬೇಕಿತ್ತು, ದೇವರ ಮನ್ಯಾಗಿನ ಹೂಬತ್ತಿ ಹಾಕಿದ. ವಾಸ್ನಿ ಇರ್ಲಿ ಅಂತ ಯಾಲಕ್ಕಿ ಜಜ್ಜಿ ಬಿಟ್ಟ. ಬೀಡಿ ಬಿಡಾನಿಗೆ ಯಾಲಕ್ಕಿ ಯಾಕ ಅಂತ ಯಾರಾರ ಕೇಳಿದ್ರ ಅರ್ಧ ತಾಸು ಹೇಳಾಕ ರೆಡಿ ಇದ್ದ. ಯಾರೂ ಕೇಳ್ಲಿಲ್ಲ.

ದಾಕ್ಷಾಯಣಮ್ಮ ಮಾತ್ರ ಒಲಿ ಹಚ್ಚಾಕ ಹೋಗಿ ಹೌಹಾರಿದ್ಲು. "ನನ್ನ ಒಲಿ ಕೊಯ್ದಿಯಲ್ಲೋ! ದೇವರ ಬತ್ತಿ ನಿಮ್ಮಪ್ಪನ ಬಾಯಿಗೆ ಇಡ್ತೀಯ, ನಾಳಿ ಗಂಟಿ ಕಿತ್ತು ಏನು ಮಾಡ್ತೀಯಪ?"

"ಅವ್ವ, ಇದು ಸೈನ್ಸು."

"ಸೈನ್ಸಿನ ಮ್ಯಾಲ ಚಾ ಕಾಸಿ ಕೊಡು ಹಂಗಾರ."

ಅಂಗಡಿಗೆ ತಗಂಡು ಹೋಗಿ ಕೈಗೆ ಕೊಟ್ಟ. ಏಕಾಂತಪ್ಪ ಎಳನೀರು ಎಳದಂಗ ಒಂದು ದಮ್ಮು ಎಳದ. ಹಬೆ ಬರ್ಲಿಲ್ಲ, ಬೆಚ್ಚನೆ ಗ್ಲಿಸರಿನ್ ಬಾಯಿ ತುಂಬ ಬಂತು.

"ಥೂ! ಲೇ, ಹಿಮ್ಮಡಿಗೆ ಹಚ್ಚೋದು ನನಗ ಕುಡಿಸ್ತೀಯೇನಲೇ?"

ಆಮ್ಯಾಲ ಮುಚ್ಚಳ ತಿರುವಿ, ಎಡಗಣ್ಣಿಗೆ ಭೂತಗನ್ನಡಿ ಇಟ್ಕಂಡು ಒಳಗ ನೋಡಿದ. ಮುಖ ಸಪ್ಪಗಾತು. "ಇದು ಸೋಲ್ಡ್ರಿಂಗ್ ಅಂತೀಯೇನು? ಕಾಗಿ ಹಿಕ್ಕಿ ಹಾಕಿದಂಗೈತಿ. ಯಾವ ಪುಣ್ಯಾತ್ಮಲೇ ನಿನ್ನ ಪಾಸ್ ಮಾಡಿದಾನು?"

ಆಗ ತಾನೇ ಹಚ್ಚಾಕ ತಗಂಡಿದ್ದ ಬೀಡಿ ಕೆಳಗಿಟ್ಟು ಸೋಲ್ಡ್ರಿಂಗ್ ಐರನ್ ಕೈಗೆ ತಗಂಡ.

ಎರಡು ತಾಸು! ಗವಿ ಎದ್ರಿಗೆ ಕುಂತು ಬೈಸ್ಕಂತ ಇದ್ದ, ಬೀಡಿ ಅಲ್ಲೇ ಬಿದ್ದಿತ್ತು. ಬೈಗಳದ ನಡುವ ಗವಿಗೆ ಹೊಳೀತು. ಅಪ್ಪಗ ಬೇಕಾಗಿದ್ದು ಹೊಗಿ ಅಲ್ಲ, ಕೈಗೆ ಕೆಲಸ. ರಿಪೇರಿ ಅಂತ ಒಂದು ಸಿಕ್ರ ಬೀಡಿ ನೆನಪೇ ಆಗಲ್ಲ. ಅಂದ್ರ ತನ್ನ ಟಾರ್ಚ್ ಕೆಲಸ ಮಾಡಿತ್ತು, ಕೆಲಸ ಮಾಡ್ಲಾರದಕ್ಕ.

ಮರುದಿನ ಮಧ್ಯಾಹ್ನ ತುದಿಯಿಂದ ದಾರದಂಥಾ ಬಿಳೀ ಹಬೆ ಎದ್ದಾಗ ಗವಿಗೆ ಕುಣೀಬೇಕು ಅನಿಸ್ತು. ಏಕಾಂತಪ್ಪ ಎರಡು ಸಲ ಎಳದು, "ಪಾಯಸದ ಹಬೆ ಇದು, ಬೀಡಿ ಮುಂದ ಏನೂ ಅಲ್ಲ. ಆತು ಬಿಡು" ಅಂತ ಕೈ ಒರೆಸ್ಕಂಡು ಸೀದಾ ಬೀಡಿ ಕಟ್ಟಿಗೆ ಕೈ ಹಾಕಿದ.

"ಅಪ್ಪ, ಒಂದ್ಸಲ ತಾ ಇಲ್ಲಿ" ಅಂತ ಗವಿ ಟಾರ್ಚ್ ಇಸ್ಕಂಡು ಕೈ ಬಿಟ್ಟ. ನೆಲಕ್ಕ ಬಿದ್ದು ಮೂರು ಚೂರಾತು.

ಏಕಾಂತಪ್ಪ ಕೊಟ್ಟ ಬೈಗಳ ಚಾದಂಗಡಿಗೆ ಕೇಳ್ತು. ಆದ್ರ ಬೀಡಿ ಕಟ್ಟು ಬಿಟ್ಟು ಚೂರು ಆರಿಸ್ಕಣಾಕ ಬಗ್ಗಿದ.

ಅವತ್ತಿನಿಂದ ಗವಿಗೆ ಅದೇ ಡ್ಯೂಟಿ ಆತು. ಅಪ್ಪ ಸಂಜಿಕ ಸರಿ ಮಾಡಾದು, ಇವನು ಮುಂಜಾನಿ ಅಂಗಡಿ ಬಾಗಲ ತೆಗೆದು, ಅಪ್ಪ ಬರಾದ್ರೊಳಗ ಕೆಡಿಸಾದು. ಒಂದಿನ ಸ್ಪ್ರಿಂಗ್ ತಿರುವಿದ, ಒಂದಿನ ವೈರ್ ಕಿತ್ತ. ಇನ್ನೊಂದಿನ ಏನೂ ತೋಚದಕ್ಕ ಹಣಿ ಮ್ಯಾಲಿನ ವಿಭೂತಿ ಕೆರೆದು ಬ್ಯಾಟ್ರಿ ಬಾಯಿಗೆ ಹಚ್ಚಿದ.

"ಇದೇನಲೇ, ಒಳಗ ವಿಭೂತಿ?"

"ಅವ್ವ ಪೂಜಿ ಮಾಡಿರಬೇಕಪ್ಪ."

ಮಾಡೋ ಆಸಿ ಇರೋ ಮನುಷ್ಯಾಗ ಕೆಡಿಸೋ ಕೆಲಸ ಬಂದ್ರ ಎಷ್ಟು ಹಿಂಸಿ ಆಗ್ತತಿ ಅಂತ ಗವಿಗೆ ಆಗ ಗೊತ್ತಾತು. ಅಪ್ಪ ಬರ್ತಾ ಬರ್ತಾ ಆ ಟಾರ್ಚ್ ಎಷ್ಟು ಚಂದ ಮಾಡಿದ್ದ! ಪೆನ್ನಿನ ಕೊಳವಿ ತೆಗೆದು ರೇಡಿಯೋ ಏರಿಯಲ್ಲಿನ ತುಂಡು ಕೂಡಿಸಿದ್ದ. ಹಬೆ ಹೆಚ್ಚು ಕಡಿಮಿ ಮಾಡಾಕ ವಾಲ್ಯೂಮ್ ತಿರುಪು ಇಟ್ಟಿದ್ದ. ಸಂಜೀವ ದಿನಾ ಕೇಳ್ತಿದ್ದ, "ಫೋಟೋ ಹಾಕಲೇ, ಫಾರಿನ್ನಿನಾರು ಕಾಯಾಕತ್ಯಾರ." ಗವಿ ಅವರಿಗೆ ದಿನಾ ನಾಳಿ ಅಂತ ಬರೀತಿದ್ದ. ಅವರಾಗ ಒಬ್ಬ ಪುಣ್ಯಾತ್ಮ, ತಮ್ಮಾ ನಿನ್ನ ಕೈಲಿ ಆಗದಿದ್ರ ಬಿಟ್ಟುಬಿಡು, ನಾಚಿಕಿ ಪಡಬ್ಯಾಡ ಅಂತ ಬರೆದ. ಗವಿ ಅವನಿಗೆ ಥ್ಯಾಂಕ್ಸ್ ಹೇಳಿದ.

ಕ್ಯಾಂಪಿಗೆ ಎರಡು ದಿನ ಇತ್ತು. ಗವಿ ಒಂದು ಕೆಲಸಕ್ಕ ಕೂಡ್ಲಿಗಿಗೆ ಹೋಗಿ ತಿರುಗಿ ಬರಾದ್ರೊಳಗ ಅಂಗಡಿ ಮುಂದ ಮಂದಿ ನಿಂತಿದ್ರು. ನಡುವ ಏಕಾಂತಪ್ಪ ಮೂಗಿನಿಂದ ಮೋಡ ಬಿಡಾಕತ್ತಿದ್ದ. ಯಾಲಕ್ಕಿ ಘಮ ಬಸ್‌ಸ್ಟ್ಯಾಂಡ್ ತನಕ ಹೊಡೀತಿತ್ತು.

"ಬಾರಲೇ, ನೋಡು! ರಿಪೇರಿ ಅಂದ್ರ ಇದು" ಅಂತ ಟಾರ್ಚ್ ಟೇಬಲ್ ಮ್ಯಾಲ ನಿಲ್ಸಿ, ಒಂದು ಬೀಡಿ ತೆಗೆದು ತುಟಿಗೆ ಇಟ್ಟ. ಹದಿಮೂರು ದಿನದ ಮ್ಯಾಲ ಒಂದು ಬೀಡಿ. ಕಡ್ಡಿಪೆಟ್ಟಿಗಿಗೆ ತಡಕಾಡಾಕತ್ತಿದ್ದ.

ಗವಿ ಬಾಯಿಗೆ ಬಂದಿದ್ದು ಅಂದ. "ಅಪ್ಪ, ನನಗೊಂದು ಐಡಿಯಾ ಬಂದೈತಿ!"

ಮಂದಿಯೆಲ್ಲಾ ನಕ್ರು. ಅವನ ಐಡಿಯಾ ಊರಿಗೆ ಗೊತ್ತಿತ್ತು. ಅವನು ಟಾರ್ಚ್ ಎತ್ಕಂಡು ತಿರುಪು ಪೂರಾ ತಿರುವಿ ಗುಂಡಿ ಒತ್ತಿ ಹಿಡಿದ. ಕಾಯಿಲ್ ಕೆಂಪಾತು, ಬಿಳುಪಾತು, ಹೂಬತ್ತಿ ಭಗ್ ಅಂತು. ಆರತಿ ವಾಸ್ನಿಗೆ ಮುಂದ ನಿಂತಿದ್ದ ಚಾದಂಗಡಿ ಗಿಡ್ಡಮ್ಮ ತನಗ ಗೊತ್ತಿಲ್ದಂಗ ಗಲ್ಲ ಮುಟ್ಕಂಡ್ಲು.

ಬೈಬೇಕಂದ್ರ ಏಕಾಂತಪ್ಪ ಬೀಡಿ ಬಾಯಿಂದ ತೆಗೀಬೇಕಾತು. "ಲೇ ದನ ಕಾಯೋನ! ಹದಿಮೂರು ದಿನದ ಕೆಲಸಲೇ! ಈ ಐದು ತಾಲೂಕಿನ್ಯಾಗ ನಿನ್ನಂಥ ಮೆಕ್ಯಾನಿಕ್ ಇನ್ನೊಬ್ಬ ಹುಟ್ಟಿಲ್ಲ!" ತೆಗೆದ ಬೀಡಿ ಎಲ್ಲಿಟ್ಟ ಅಂತ ಅವನಿಗೇ ತಿಳೀಲಿಲ್ಲ. ಅಷ್ಟ್ರಾಗ ಐರನ್ ಕಾದಿತ್ತು.

ಕ್ಯಾಂಪಿನ ದಿನ ಏಕಾಂತಪ್ಪ ಮಂಚದ ಮ್ಯಾಲ ಕಲ್ಲಿನಂಗ ಮಲಗಿದ್ದ. ಕೆಮ್ಮು ಒಂದೂ ಇಲ್ಲ. ಡಾಕ್ಟ್ರು ಹೊರಗ ಬಂದು, "ಚೊಲೊ ಆತು. ಇನ್ನೊಂದು ತಿಂಗಳು ಬೀಡಿ ಬ್ಯಾಡ, ಕೆಮ್ಮಬಾರದು, ನೋಡ್ಕಳಪಾ" ಅಂದ್ರು.

ಕಣ್ಣಿಗೆ ಹಸಿರು ಪಟ್ಟಿ ಕಟ್ಕಂಡು ಏಕಾಂತಪ್ಪ ಪಕ್ಕದ ಮಂಚದ ತಂಬ್ರಹಳ್ಳಿ ಗಾದಿಲಿಂಗಪ್ಪನ ಕೂಡ ಮಾತಿಗೆ ಕುಂತಿದ್ದ. "ಇವನ ನೋಡ್ರಿ ನಮ್ಮ ಹುಡುಗ. ಇವನು ಮುಟ್ಟಿದ್ದು ಒಂದಿನ ನಿಲ್ಲಲ್ರಿ."

"ಏನು ಓದ್ಯಾನ್ರಿ?"

"ಐಟಿಐ. ಎಲೆಕ್ಟ್ರಿಕಲ್ಲು."

ಗಾದಿಲಿಂಗಪ್ಪ ಗವಿನ್ನ ಮ್ಯಾಲಿಂದ ಕೆಳಗ ನೋಡಿದ. "ಇರ್ಲಿ ಬಿಡ್ರಿ. ಹೊಲ ಗಿಲ ಐತಿಲ್ಲೋ?"

ಬೇಕಂತನ ಕೆಡಿಸಿದ್ದು ಅಂತ ಗವಿಗೆ ಹೇಳಬೇಕು ಅನಿಸ್ತು. ಕೇಳದಿದ್ರೂ ಹೇಳೋ ಬಾಯಿ ಅದು. ಮುಂಜಾನಿ ಆಸ್ಪತ್ರಿ ಹಿಂದ ಹೋಗಿ ಅವನು ಟಾರ್ಚ್ ಎಳದು ನೋಡಿದ್ದ. ಅಪ್ಪ ಹೊಸ ಕಾಯಿಲ್ ಹಾಕಿದ್ದ, ಮೋಡದಂಥಾ ಹಬೆ ಬಂದಿತ್ತು. ಇವನೇ ಕೆಮ್ಮಿ ಕೆಮ್ಮಿ ಕಣ್ಣಾಗ ನೀರು ತಂದ್ಕಂಡಿದ್ದ. ಆ ಟಾರ್ಚ್ ಈಗ ಪ್ಯಾಂಟಿನ ಕಿಸೆದಾಗಿತ್ತು.

"ಲೇ ಗವಿ," ಏಕಾಂತಪ್ಪ ಒಂದೇ ಕಣ್ಣಾಗ ಇವನ ಕಡೆ ನೋಡಿದ. "ಟಾರ್ಚ್ ನಡೀತೈತಿಲ್ಲೋ?"

ಗವಿ ಕಿಸೆದಾಗ ಕೈ ಹಾಕಿ, ಮುಚ್ಚಳ ಸಡ್ಲು ಮಾಡಿ, ಬೆರಳಿನಿಂದ ವೈರ್ ಹುಡುಕಿ ಎಳದ.

"ಇಲ್ಲಪ್ಪ. ಕೆಟ್ಟೈತಿ."

"ಮತ್ತೇನು ಮಾಡಿದ್ಯಲೇ?" ಅಂತ ಅಪ್ಪ ಕೈ ಚಾಚಿದ. "ತಾ ಇಲ್ಲಿ."