ಮೊದಲು ಹಾಕಿದ ಟವಲ್

ಬಿಳಿ ಟವಲ್, ಹಸಿರು ಅಂಚು, ನಾಲ್ಕು ಮಡಿಕೆ — ಕಿಟಕಿಯ ಆಚೆ ಅದು ಕಂಡದ್ದೇ ತಡ ಅಕ್ತರಬಿಯ ಕಾಲು ಸಿರುಗುಪ್ಪದ ಬಸ್ ಸ್ಟ್ಯಾಂಡಿನ ನೆಲಕ್ಕೆ ಅಂಟಿಕೊಂಡಿತು, ಸೀಟೇನೋ ಹಿಡಿದಿದ್ದಾರೆ ಮರಿಬಸಪ್ಪನವರು, ಸೋಮವಾರ ತಪ್ಪಿಸಿದವರಲ್ಲ, ಆದರೆ ಇವತ್ತೇನು ಬಲಗಡೆ ಹಾಕಿದ್ದಾರೆ, ಬಲಗಡೆ ಮೂರನೇ ಸೀಟು, ಕಿಟಕಿ ಪಕ್ಕ, ಯಾ ಅಲ್ಲಾ, ಎರಡು ವರ್ಷದಲ್ಲಿ ಒಂದು ದಿನವೂ ಆ ಕಡೆ ಹಾಕಿದವರಲ್ಲ, ಎಡಗಡೆಯೇ ಹಾಕುವುದು, ಬಾಗಿಲ ಹತ್ತಿರ, ಇಳಿಯಾಕ ಹಗುರ ಆಗತೈತಿ ಕುಂದ್ರವ್ವ ಅನ್ನುವುದು, ತಾವು ಮಾತ್ರ ಬಳ್ಳಾರಿ ಬರುವ ತನಕ ಕಂಬಿ ಹಿಡಿದು ನಿಲ್ಲುವುದು, ಎಪ್ಪತ್ತು ದಾಟಿದ ಜೀವ, ಕೂತುಕೊಳ್ಳಿ ಅಂದರೆ ಕೇಳುವ ಗಿರಾಕಿಯೇ ಅಲ್ಲ, ಅವತ್ತು ನಿಂತಿದ್ದಕ್ಕ ಬದುಕೀನಿ, ಇನ್ನ ನಿಂತಾ ಇರ್ತೀನಿ ಬಿಡು ಅನ್ನುವುದು. ಬಳೆ ತರುವ ಖಾಲಿ ಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು ಹತ್ತಿದಳು, ಸೀಟಿನ ತನಕ ಬಂದಳು, ಕೂರಲಿಲ್ಲ, ಟವಲನ್ನು ಮುಟ್ಟಲೂ ಇಲ್ಲ, ಚಹಾ ಕುಡಿಯಲು ಹೋಗಿದ್ದಾರೆ, ಹಾರ್ನ್ ಹೊಡೆದರೆ ಬರುತ್ತಾರೆ, ಬಳ್ಳಾರಿ ಪಾರ್ವತಿನಗರದಲ್ಲಿರುವ ಮಗಳು ಅರುಣಾಗೆ ಅಂತ ಕಟ್ಟಿಸಿಕೊಂಡ ರೊಟ್ಟಿಯ ಗಂಟು ಹೆಗಲಿಗಿರುತ್ತದೆ, ಬರಲಿ, ಬಂದ ಕೂಡಲೇ ಹೇಳಿಬಿಡಬೇಕು, ಇವತ್ತು ಹೇಳದಿದ್ದರೆ ಈ ಜನ್ಮದಲ್ಲಿ ಹೇಳುವವಳಲ್ಲ ನಾನು.

ಹೇಳುವುದಾದರೂ ಎಷ್ಟು, ಬೆಳಿಗ್ಗೆ ಹಿಟ್ಟು ನಾದುತ್ತ ಜೋಡಿಸಿಟ್ಟಿದ್ದಾಳೆ, ಅಪ್ಪಾರ, ಅವತ್ತು ನಿಮ್ಮ ಟವಲ್ ಮುಂದಿನ ಸೀಟಿಗೇ ಇತ್ತು ರೀ, ನಾನ ಎತ್ತಿ ಹಿಂದಕ್ಕ ಇಟ್ಟೆ — ಇಷ್ಟೇ, ಇಷ್ಟನ್ನು ಹೇಳಲು ನೂರು ಸೋಮವಾರ ಸಾಲಲಿಲ್ಲ. ಅವತ್ತು ಜಾಸ್ಮಿನ್‌ಗೆ ಪರೀಕ್ಷೆ, ಬಿ.ಕಾಂ. ಎರಡನೇ ವರ್ಷ, ಇರುವವಳೊಬ್ಬಳೇ ಮಗಳು, ಹತ್ತೂವರೆಗೆ ಬಳ್ಳಾರಿಯಲ್ಲಿ ಕೂರಬೇಕು, ಹಿಂದಿನ ಬಸ್ಸು ಬಂದಿರಲಿಲ್ಲ, ಎರಡು ಬಸ್ಸಿನ ಜನ ಒಂದು ಬಸ್ಸಿಗೆ ಮುಗಿಬಿದ್ದಿದ್ದರು, ಅಕ್ತರಬಿ ಹಿಂದೆ ಮುಂದೆ ನೋಡದೆ ಸೊಂಟದ ದಸ್ತಿ ಕಿತ್ತು ಕಿಟಕಿಯೊಳಗೆ ಎಸೆದಿದ್ದಳು, ಹಿಡದೆ ನೋಡು ಸೀಟು ಅಂತ ಮಗಳಿಗೆ ಬೀಗಿ ತೋರಿಸಿದ್ದಳು, ಮೊಣಕೈಯಲ್ಲಿ ನಾಲ್ಕು ಜನರನ್ನು ತಿವಿದು ಒಳಗೆ ಹೋಗಿ ನೋಡಿದರೆ ಬಲಗಡೆ ಮೂರನೇ ಸೀಟಿನಲ್ಲಿ ದಸ್ತಿಯ ಕೆಳಗೆ ಅದು — ಬಿಳಿ ಟವಲ್, ಹಸಿರು ಅಂಚು, ಅಚ್ಚುಕಟ್ಟಾಗಿ ನಾಲ್ಕು ಮಡಿಕೆ. ಎಸೆದ ಟವಲ್ಲಲ್ಲ, ಕೈಯಾರೆ ಹಾಸಿ ಹೋದದ್ದು. ಊರಲ್ಲಿ ಯಾವ ಕಾಯ್ದೆ ನಡೆಯುತ್ತದೋ ಬಿಡುತ್ತದೋ, ಬಸ್ಸಿನಲ್ಲಿ ಒಂದು ಕಾಯ್ದೆ ಇದೆ, ಮೊದಲು ಹಾಕಿದವರದೇ ಸೀಟು, ಕಳ್ಳನೂ ಅದನ್ನು ಮೀರುವುದಿಲ್ಲ, ಅವಳು ಮೀರಿದಳು, ಎರಡು ಬೆರಳಲ್ಲಿ ಎತ್ತಿ ಹಿಂದಿನ ಸೀಟಿನ ಮೇಲೆ ಇಟ್ಟಳು, ಕಣ್ಣು ಮಿಟುಕಿಸುವಷ್ಟರಲ್ಲಿ ಯಾರೋ ದಪ್ಪ ಮನುಷ್ಯ ಬಂದು ಅದರ ಮೇಲೆಯೇ ಕೂತ. ಅಮ್ಮೀ, ಅಲ್ಲಿ ಯಾರದೋ ಟವಲ್ ಇತ್ತಲ್ಲ, ಜಾಸ್ಮಿನ್ ನೋಡಿಬಿಟ್ಟಿದ್ದಳು, ಹಾಳು ಹುಡುಗಿ, ಎಲ್ಲ ನೋಡುವ ಕಣ್ಣು ಅವಳದು, ಬಾಯಿ ಮುಚ್ಚಿಕೆಂಡು ಕುಂದ್ರು, ಓದಕ. ಆಮೇಲೆ ಮರಿಬಸಪ್ಪನವರು ಹತ್ತಿದರು, ಆಗಿನ್ನೂ ಹೆಸರು ಗೊತ್ತಿರಲಿಲ್ಲ, ಯಾರೋ ಅಜ್ಜ, ಬೆವರೊರೆಸಿಕೊಳ್ಳುತ್ತ ಬಂದು ಸೀಟನ್ನೊಮ್ಮೆ ಇವಳನ್ನೊಮ್ಮೆ ನೋಡಿ, ಇಲ್ಲಿ ನನ್ನ ಟವಲ್ ಹಾಕಿದ್ದೆನಲ್ಲವ್ವ. ಇಲ್ರಿ, ಖಾಲಿ ಇತ್ತು, ನಾನ ಮೊದ್ಲ ಹಾಕೀನಿ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ, ಐದು ಹೊತ್ತು ನಮಾಜು ಮಾಡುವ ನಾಲಿಗೆ. ದಪ್ಪ ಮನುಷ್ಯನ ಅಡಿಯಿಂದ ಹಸಿರು ಅಂಚು ಇಣುಕುತ್ತಿತ್ತು, ಅಜ್ಜ ಅದನ್ನು ಎಳೆದುಕೊಂಡರು, ಕೊಡವಿದರು, ವಯಸ್ಸಾತು ನೋಡು, ಹಿಂದಿನ ಸೀಟಿಗೆ ಹಾಕಿ ಮುಂದಿಂದು ನಂದಂತೀನಿ, ಅಂತ ತಮಗೆ ತಾವೇ ನಕ್ಕರು. ತಾತ, ನೀವು ಕುಂದ್ರಿ — ಜಾಸ್ಮಿನ್ ಎದ್ದೇ ಬಿಟ್ಟಿದ್ದಳು, ಅರ್ಧ ಎದ್ದಿದ್ದಳು, ಅಕ್ತರಬಿ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕಿಟಕಿಯ ಪಕ್ಕವೇ ಕೂರಿಸಿದಳು, ಬ್ಯಾಡವ್ವ, ಓದೋ ಹುಡುಗಿ, ನೀ ಕುಂದ್ರು ಅಂದರು ಅವರು, ಆ ಹೆಗಲು ಎಷ್ಟು ಹಗುರವಿತ್ತು, ಒತ್ತಿದ ಕೂಡಲೇ ಕೂತಿತು.

ಕುರುಗೋಡು ದಾಟಿ ಬಳ್ಳಾರಿ ಇನ್ನೇನು ಬಂತು ಅನ್ನುವಾಗ ರೈಲ್ವೆ ಗೇಟು, ಹಾಕಿತ್ತು, ಯಾವತ್ತು ಹಾಕಿರುವುದಿಲ್ಲ ಅದು, ಬ್ರಿಡ್ಜ್ ಆಗತೈತಿ ಅಂತ ಎರಡು ಕಂಬ ನಿಲ್ಲಿಸಿ ಹೋದವರು ಕಾಗೆಗಳಿಗೆ ಕೂರಲು ಜಾಗ ಮಾಡಿಕೊಟ್ಟಿದ್ದರು ಅಷ್ಟೇ, ಅದಿರು ತುಂಬಿದ ಗೂಡ್ಸ್ ಗಾಡಿ ಮುಗಿಯದೆ ಹೋಗುತ್ತಿತ್ತು, ಗೇಟಿನ ಸಾಲಿನಲ್ಲಿ ಕೊನೆಗೆ ನಿಂತದ್ದು ಕಬ್ಬಿಣದ ಸರಳು ಹೇರಿದ ಲಾರಿ, ಸರಳು ಹಿಂದಕ್ಕೆ ಒಂದು ಮಾರು ಚಾಚಿಕೊಂಡಿತ್ತು, ತುದಿಗೆ ಕೆಂಪು ಬಟ್ಟೆ ಕಟ್ಟಬೇಕಂತೆ, ಒಂದು ಚೂರು ಬಟ್ಟೆ, ಅದೂ ಇರಲಿಲ್ಲ. ಬ್ರೇಕು ಗಟ್ಟಿ ಇಲ್ರಿ ಅಂತ ಡ್ರೈವರ್ ಹುಲುಗೇಶ ಬೆಳಿಗ್ಗೆಯೇ ಡಿಪೋದವರಿಗೆ ಹೇಳಿದ್ದನಂತೆ, ಇದೊಂದು ಟ್ರಿಪ್ ಹೊಡಕಂಡು ಬಾರಲೇ, ಆಮ್ಯಾಲ ನೋಡಾಣ ಅಂದರಂತೆ, ಅದೆಲ್ಲ ಆಮೇಲೆ ಪೇಪರಿನಲ್ಲಿ ಬಂತು, ಮೂರು ದಿನ ಬಂತು, ನಾಲ್ಕನೇ ದಿನ ಬೇರೆ ಎಲ್ಲೋ ರೈಲು ಹಳಿ ತಪ್ಪಿತು, ಪೇಪರಿನವರು ಅತ್ತ ಹೋದರು. ಅವತ್ತು ಕೇಳಿಸಿದ್ದು ಹುಲುಗೇಶನ ಕೂಗು, ಹಿಡೀವಲ್ದು, ಹಿಡೀವಲ್ದು, ಎಡಕ್ಕೆ ಕತ್ತರಿಸಿದ, ಪಾಪ, ಲಾರಿ ತಪ್ಪಿಸಲು ನೋಡಿದ, ತನ್ನ ಕಾಲೂ ಕಳೆದುಕೊಂಡ, ಬಸ್ಸಿನ ಎಡಗಡೆಗೆ ಒಂದು ಗೀರಿಲ್ಲ, ಬಲಗಡೆಯ ಕಿಟಕಿಗಳೊಳಗೆ ಸರಳು — ಒಂದನೇ ಕಿಟಕಿ, ಎರಡನೇ ಕಿಟಕಿ, ಬೇಡ, ಅಲ್ಲಿಗೆ ಹೋಗಬೇಡ ಮನಸೇ, ಆ ಕಿಟಕಿಗೆ ಹೋಗಬೇಡ. ಆ ಟವಲ್ಲೇ ಜಾಸ್ಮಿನ್‌ನ ತಲೆಯ ಕೆಳಗೆ ಇಟ್ಟದ್ದು, ಮರಿಬಸಪ್ಪನವರೇ ಮಡಿಚಿ ಇಟ್ಟದ್ದು, ಬಿಳಿ ಟವಲ್ ಬಿಳಿಯಾಗಿ ಉಳಿಯಲಿಲ್ಲ, ಹಸಿರು ಅಂಚೂ ಉಳಿಯಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಇವಳ ಪಕ್ಕ ನೆಲದ ಮೇಲೆ ಕೂತು ಆ ಗಂಡಸು ಹೆಂಗಸಿನ ಹಾಗೆ ಅತ್ತರು, ನಾ ಹಟ ಹಿಡೀಬೇಕಿತ್ತವ್ವ, ನನ್ನ ಸೀಟು ಅಂತ ಜಗಳಾಡಬೇಕಿತ್ತು, ನೆಪ್ಪಿಲ್ಲದ ಮುದುಕ, ಎಲ್ಲಿ ಹಾಕಿದೆ ಅನ್ನೋದ ನೆಪ್ಪಿಲ್ಲದ ಮುದುಕ, ನಿನ್ನ ಕೂಸನ್ನ ತಿಂದೆ. ಆಗಲೇ ಹೇಳಬೇಕಿತ್ತು. ಬಾಯಿ ತೆರೆದಳು, ತೆರೆದ ಬಾಯಿಂದ ಬಂದದ್ದು ಅಳು ಮಾತ್ರ, ಆಮೇಲೆ ಕಬ್ರಸ್ತಾನಕ್ಕೂ ಬಂದರು ಅವರು, ಮೂರು ಹಿಡಿ ಮಣ್ಣು ಹಾಕಿದರು, ಅದರ ಮುಂದಿನ ಸೋಮವಾರದಿಂದ ಸೀಟು ಹಿಡಿಯಲು ಶುರು ಮಾಡಿದರು, ಅಂಗಡಿಗೆ ಹೋಗಿ ಅಂಥದ್ದೇ ಟವಲ್ ತಂದು, ಬಿಳಿ, ಹಸಿರು ಅಂಚು. ಥೂ ನಿನ್ನ, ಅಕ್ತರಬಿ, ಅವರು ಹಿಡಿದ ಸೀಟಿನಲ್ಲಿ ಕೂತು ಕೂತು ಬಂದೆಯಲ್ಲ.

ಹಾರ್ನ್ ಹೊಡೆಯಿತು. ಬರಲಿಲ್ಲ. ಎರಡನೇ ಸಲ ಹೊಡೆಯಿತು, ಓಬಳೇಶಣ್ಣ, ತಡಿಯಣ್ಣ, ಅಪ್ಪಾರು ಬರಬೇಕು, ಟವಲ್ ಐತಿ ಇಲ್ಲಿ, ಕಂಡಕ್ಟರ್ ಓಬಳೇಶ ಸೀಟಿ ಬಾಯಲ್ಲಿಟ್ಟುಕೊಂಡು ಊದದೆ ಹಾಗೆಯೇ ನಿಂತ, ಇವನಿಗೇನು ಬಂತು. ಕಿಟಕಿಯ ಹೊರಗಿಂದ ಯಾರೋ ತಟ್ಟಿದರು. ನಲವತ್ತರ ಗಂಡಸು, ಮರಿಬಸಪ್ಪನವರದೇ ಮೂಗು. ನೀವ ಏನ್ರಿ, ಬಳಿ ಮಾರೋ ಅಕ್ತರಬಿ ಅಂದ್ರ. ಹೌದ್ರಿ. ನಾ ಶಶಿಕಾಂತ್ ರೀ, ಮರಿಬಸಪ್ಪನ ಮಗ, ಅಪ್ಪ ಗುರುವಾರ ತೀರಿಕೆಂಡ್ರು, ಮೂರು ದಿನದ ಜ್ವರ ರೀ, ಶುಕ್ರವಾರ ಮಣ್ಣು ಮಾಡಿದ್ವಿ. ಸೋಮವಾರ ಬಸ್ಸಿಗೆ ಟವಲ್ ಹಾಕು, ಮರೀಬ್ಯಾಡ ಅಂತ ನನ್ನ ಕೈ ಹಿಡಕಂಡು ಹೇಳಿದ್ರು, ಯಾವ ಸೀಟು ಅನ್ನೋದು ನನಗ ಗೊತ್ತಿಲ್ರಿ, ಖಾಲಿ ಇದ್ದಿದ್ದಕ್ಕ ಹಾಕೀನಿ. ಅವನು ಇನ್ನೂ ಹೇಳುತ್ತಿದ್ದ, ಇವಳಿಗೆ ಅವನ ತುಟಿ ಕಾಣುತ್ತಿತ್ತು, ಮಾತು ತಡವಾಗಿ ಬರುತ್ತಿತ್ತು, ಜ್ವರದಾಗ ಒಂದ ಮಾತು ರೀ, ಮುಂದಿನ ಸೀಟಿಗೆ ಹಾಕಿದ್ನೋ ಹಿಂದಿನ ಸೀಟಿಗೆ ಹಾಕಿದ್ನೋ, ಹೇಳ್ರಲೇ ಯಾರರ, ಅಂತ ಕಡೀ ಉಸುರಿನ ತನಕ ಕೇಳಿದ್ರು, ನಮಗೇನಂತ ತಿಳೀಲಿಲ್ಲ, ನಿಮಗೇನರ ಗೊತ್ತೇನ್ರಿ. ಗೊತ್ತೇನ್ರಿ. ಗೊತ್ತು ಕಣಪ್ಪಾ, ನನಗೊಬ್ಬಳಿಗೇ ಗೊತ್ತು, ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು, ಗಂಟಲೊಳಗೆ ಮಾತು ಎದ್ದಿತು, ಸೀಟಿ ಊದಿತು, ಬಸ್ಸು ಹೊರಟಿತು, ಶಶಿಕಾಂತ್ ನಾಲ್ಕು ಹೆಜ್ಜೆ ಜೊತೆಗೆ ನಡೆದು ಕೈಮುಗಿದು ನಿಂತುಬಿಟ್ಟ.

ತೆಕ್ಕಲಕೋಟೆಯಲ್ಲಿ ಜನ ನುಗ್ಗಿದರು, ಉಸಿರಾಡಲು ಜಾಗವಿಲ್ಲದಷ್ಟು, ಬಾಗಿಲ ಮೆಟ್ಟಿಲ ಮೇಲೆ ಮೂವರು ಜೋತುಬಿದ್ದಿದ್ದಾರೆ, ಒಳಗ ನಡೀರಿ, ಒಳಗ ನಡೀರಿ, ಎಲ್ಲಿಯ ಒಳಗು. ಅವಳು ಕಂಬಿ ಹಿಡಿದು ನಿಂತಿದ್ದಾಳೆ, ಅವರು ನಿಲ್ಲುತ್ತಿದ್ದ ಜಾಗದಲ್ಲೇ, ಕಾಲು ನೋಯುತ್ತದೆ, ಎಷ್ಟು ನೋಯುತ್ತಿತ್ತು ಅವರಿಗೆ, ಒಂದು ದಿನ ಅಂದವರಲ್ಲ. ಯಾರದ್ರೀ ಟವಲ್, ಎತ್ರಿ ಅತ್ತಾಗ, ಅಂದ ಒಬ್ಬ ಮೀಸೆಯವನು, ಬಂದವರಾರೂ ಇಲ್ಲ, ಟವಲ್ ಜಾತ್ರಿ ಮಾಡತೈತೇನು. ಮುಟ್ಟಬ್ಯಾಡ್ರಿ. ಆಹಾ, ಟಿಕೀಟು ಪುಕ್ಕಟೆ, ಮ್ಯಾಲ ಸೀಟು ಬ್ಯಾರೆ ಕಾಯಾಕ ನಿಂತಾಳ ನೋಡು, ಸುತ್ತಲಿನವರು ನಕ್ಕರು, ನಗಲಿ, ಮೀಸೆಯವನು ಕೈ ಚಾಚಿದ, ಮುಟ್ಟಬ್ಯಾಡ ಅಂದ್ನೆಲ್ಲೋ — ಅವಳ ದನಿಗೆ ಅವಳೇ ಬೆಚ್ಚಿದಳು, ಓಬಳೇಶ ಜನರ ತಲೆಗಳ ಮೇಲಿಂದ, ಬಿಡಪ್ಪ, ಅದು ಹಿಡಿದ ಸೀಟು ಅಂದ. ಕುರುಗೋಡು ಬಂತು, ಹೋಯಿತು. ಅಲ್ಲಿ ಹತ್ತಿದ ಹುಡುಗಿಯೊಬ್ಬಳು ಜನರ ನಡುವೆ ತೂರಿ ತೂರಿ ಇವಳ ಹತ್ತಿರ ಬಂದು ನಿಂತಿದ್ದಾಳೆ, ಎದೆಗೆ ಒತ್ತಿದ ನೋಟ್ ಬುಕ್ಕು, ಬೆರಳಿಗೆ ಮಸಿ, ತುಟಿ ಏನೋ ಬಾಯಿಪಾಠ ಮಾಡುತ್ತಿದೆ, ಯಾ ಅಲ್ಲಾ, ಇವಳನ್ನು ಯಾಕೆ ಇಲ್ಲಿಗೇ ಕಳಿಸಿದೆ. ಬಸ್ಸು ನಿಧಾನವಾಯಿತು. ಗೇಟು. ಹಾಕಿದೆ. ಎರಡು ಕಂಬ ಹಾಗೆಯೇ ಇವೆ, ಕಾಗೆ ಹಾಗೆಯೇ ಇದೆ, ಮುಂದೆ ಒಂದು ಲಾರಿ, ಅದರ ಹಿಂದೆ ನಮ್ಮ ಬಸ್ಸು, ಬ್ರೇಕು ಹಿಡಿಯಿತು, ಹಿಡಿಯಿತು, ಹಿಡಿದು ನಿಂತಿತು, ಇವಳ ಕೈ ಮಾತ್ರ ಕಂಬಿ ಬಿಡುತ್ತಿಲ್ಲ. ಅಮ್ಮಾ, ಅಂದಳು ಹುಡುಗಿ, ಪರೀಕ್ಷಿ ಐತಿ ರೀ, ಒಂದ ಸ್ವಲ್ಪ ಓದೋದೈತಿ, ಇಲ್ಲಿ ಯಾರರ ಅದಾರೇನ್ರಿ, ಖಾಲಿ ಐತೇನ್ರಿ. ಖಾಲಿ ಐತೇನ್ರಿ. ಅದೇ ಮಾತು, ಎರಡು ವರ್ಷದ ಹಿಂದೆ ಇದೇ ಬಾಯಿ ಹೇಳಿದ ಮಾತು, ಖಾಲಿ ಇತ್ತು, ನಾನ ಮೊದ್ಲ ಹಾಕೀನಿ. ಇಲ್ಲವ್ವ, ಅಂದಳು ಅಕ್ತರಬಿ, ಹುಡುಗಿಯ ಹೆಗಲ ಮೇಲೆ ಕೈ ಹಾಕಿ ತನ್ನ ಕಡೆಗೆ ಎಳೆದುಕೊಂಡಳು, ಕಿಟಕಿಯಿಂದ ದೂರ, ಖಾಲಿ ಇಲ್ಲ, ಖಾಲಿ ಇರಲಿಲ್ಲ, ನನ್ನ ಹತ್ರ ನಿಂದ್ರು, ನನ್ನ ಹಿಡಕ, ಅದು ಅಪ್ಪಾರ ಸೀಟು, ಅವರ ಮೊದ್ಲ ಹಾಕಿದ್ದು, ಮುಂದಿನ ಸೀಟಿಗೇ ಹಾಕಿದ್ದು, ಕೇಳ್ರಿ ಎಲ್ಲಾರು, ಅವರ ಮೊದ್ಲ ಹಾಕಿದ್ದು — ಗೂಡ್ಸ್ ಗಾಡಿ ಬಂತು, ಅವಳ ಮಾತು ಅದರ ಸದ್ದಿನಡಿ ಸಿಕ್ಕಿತು, ತುಟಿ ಆಡುತ್ತಲೇ ಇದೆ, ಬಸ್ಸಿಗೆ ಬಸ್ಸೇ ಅದುರುತ್ತಿದೆ, ಸೀಟು ಅದುರುತ್ತಿದೆ, ಸೀಟಿನ ಮೇಲೆ ಬಿಳಿ ಟವಲ್, ಹಸಿರು ಅಂಚು, ನಾಲ್ಕು ಮಡಿಕೆ, ಬಿಳಿ ಟವಲ್, ಹಸಿರು ಅಂಚು, ಬಿಳಿ ಟವಲ್ —